ಎಡಮುರಿ, ಬಲಮುರಿ: ಮಲೆನಾಡಿನ ಹುಳಿಯೂ ಲೋಹಸುರುಳಿಯ ದಿಕ್ಕೂ

ಸುರುಳಿಗೆ ದಿಕ್ಕಿದೆ ಎಂಬ ಅರಿವು ಕನ್ನಡಕ್ಕೆ ರಸಾಯನಶಾಸ್ತ್ರದ ಪಠ್ಯಗಳಿಂದ ಬಂದುದಲ್ಲ. ಎಡಮುರಿ, ಬಲಮುರಿ ಎಂಬ ಎರಡು ಮಾತುಗಳು ಶಂಖಕ್ಕೆ, ಗಣಪತಿಯ ಸೊಂಡಿಲಿಗೆ, ಶ್ರೀರಂಗಪಟ್ಟಣದ ಬಳಿಯ ಕಾವೇರಿ ತೀರದ ಎಡೆಗಳಿಗೆ ಬಹುಕಾಲದಿಂದ ಸಲ್ಲುತ್ತ ಬಂದಿವೆ. ಚಿಕ್ಕಮಗಳೂರು ಜಿಲ್ಲೆಯ ಭದ್ರಾ ಕಣಿವೆಯ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ ಒಂದು ಪೊದೆಗಿಡದ ಹೆಸರೇ ಎಡಮುರಿ. ಹಗ್ಗ ಹೊಸೆದಂತೆ ತಿರುಚಿಕೊಂಡಿರುವ ಅದರ ಕಾಯಿ ಗ್ರಂಥಿಗೆ ಅಂಗಡಿಗಳಲ್ಲಿ ಮಕ್ಕಳ ಹೊಟ್ಟೆನೋವಿನ ಮದ್ದಾಗಿ ದೊರೆಯುತ್ತದೆ. ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಲಿಕ್ಟೆರಿಸ್ ಐಸೋರ ಎಂಬ ಹೆಸರಿನ ಮೊದಲ ಪದವೂ ಸುರುಳಿ ಎಂಬ ಅರ್ಥದ ಗ್ರೀಕ್ ಮೂಲದಿಂದಲೇ ಹುಟ್ಟಿದೆ.

ಹೆಸರಿಡುವುದು ಒಂದು, ದಿಕ್ಕನ್ನು ನಿಶ್ಚಯಿಸುವುದು ಇನ್ನೊಂದು. ಪೂಜೆಗೆ ಶ್ರೇಷ್ಠವೆಂದು ಎಣಿಸುವ ಅಪರೂಪದ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರಜ್ಞರು ಎಡಸುರುಳಿಯದೆಂದು ವರ್ಗೀಕರಿಸುತ್ತಾರೆ. ಇಲ್ಲಿ ಯಾರದೂ ತಪ್ಪಿಲ್ಲ. ಶಂಖವನ್ನು ಹಿಡಿದು ನೋಡುವ ಕ್ರಮ ಬೇರೆ, ಅಷ್ಟೆ. ಕೈಯಲ್ಲಿ ಹಿಡಿಯಬಹುದಾದ ಶಂಖದಲ್ಲೇ ಈ ತೊಡಕಿರುವಾಗ, ಕಣ್ಣಿಗೆ ಕಾಣದ ಅಣುಗಳ ಎಡ–ಬಲವನ್ನು ಖಚಿತಪಡಿಸಲು ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತೆಂಬುದರಲ್ಲಿ ಆಶ್ಚರ್ಯವಿಲ್ಲ.

ಲೋಹದ ಅಯಾನೊಂದನ್ನು ಸುತ್ತುವರಿದು ಹಿಡಿಯುವ ಅಣುವನ್ನು ರಸಾಯನಶಾಸ್ತ್ರದಲ್ಲಿ ಲಿಗ್ಯಾಂಡ್ ಎನ್ನುತ್ತಾರೆ. ಎಡಗೈ ಬಲಗೈಗಳಂತೆ ತನ್ನ ಪ್ರತಿಬಿಂಬದೊಂದಿಗೆ ಒಂದರ ಮೇಲೊಂದು ಹೊಂದದ ಅಣು ಕೈರಲ್ ಅಣು. ಈ ಪದಕ್ಕೂ ಗ್ರೀಕಿನ ‘ಕೈ’ ಎಂಬ ಅರ್ಥದ ಶಬ್ದವೇ ಮೂಲವಾಗಿರುವುದು ಕನ್ನಡ ಕಿವಿಗೆ ಒಂದು ಸುಯೋಗ. ಇಂಥ ಲಿಗ್ಯಾಂಡುಗಳು ಲೋಹದ ಸುತ್ತ ಸುರುಳಿಯಾಗಿ ಹೆಣೆದುಕೊಂಡಾಗ ಆ ಸುರುಳಿ ಎಡಮುರಿಯೋ ಬಲಮುರಿಯೋ ಎಂಬುದನ್ನು ಲೋಹ ನಿರ್ಧರಿಸುವುದಿಲ್ಲ. ಲಿಗ್ಯಾಂಡಿನ ಎಡ–ಬಲವೇ ನಿರ್ಧರಿಸುತ್ತದೆ. ಈ ತತ್ತ್ವದ ಚರಿತ್ರೆಯನ್ನು ಜ್ಯೂರಿಕ್, ಸ್ಟ್ರಾಸ್‌ಬರ್ಗ್‌ಗಳ ಪ್ರಯೋಗಾಲಯಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಆದರೆ ಅದರ ಕಚ್ಚಾವಸ್ತು ಬಹುಮಟ್ಟಿಗೆ ಹುಳಿಹಣ್ಣುಗಳ ಆಮ್ಲ. ಮೂಡಿಗೆರೆ, ಕಳಸಗಳ ಕಾಡಿನ ಒಂದು ಹುಳಿಯೂ, 1960ರ ದಶಕದ ಮೈಸೂರಿನಲ್ಲಿ ನಡೆದ ಎರಡು ಸಂಶೋಧನೆಗಳೂ ಈ ಚರಿತ್ರೆಯೊಳಗೆ ಬಂದರೆ ಅದರ ಚಿತ್ರ ಸ್ವಲ್ಪ ಬದಲಾಗುತ್ತದೆ.

ಚಿಕ್ಕಮಗಳೂರು ಜಿಲ್ಲೆಯನ್ನು ಹುಳಿಯ ದೃಷ್ಟಿಯಿಂದ ನೋಡಿದರೆ ಎರಡು ಸೀಮೆಗಳು ಕಾಣುತ್ತವೆ. ಕಡೂರಿನ ಬಯಲಿನಲ್ಲಿ ಹುಣಸೆ ಧಾರಾಳ. ಪಶ್ಚಿಮಕ್ಕೆ ಸರಿದು ಮೂಡಿಗೆರೆ ದಾಟಿ ಕಳಸದ ಕಡೆಗೆ ಹೋದಂತೆ ಮಳೆ ಹೆಚ್ಚಿ ಹುಣಸೆ ಹಿಂದೆ ಬೀಳುತ್ತದೆ. ಅಲ್ಲಿ ಹುಳಿಯ ಸ್ಥಾನವನ್ನು ಮುರುಗಲು, ಉಪ್ಪಾಗೆ ಮುಂತಾದ ಗಾರ್ಸೀನಿಯ ಕುಲದ ಮರಗಳು ತುಂಬುತ್ತವೆ. ಉಪ್ಪಾಗೆ (ಸಸ್ಯಶಾಸ್ತ್ರದ ಹಳೆಯ ಹೆಸರು ಗಾರ್ಸೀನಿಯ ಕಾಂಬೋಜಿಯ, ಈಗಿನದು ಗಾರ್ಸೀನಿಯ ಗಮ್ಮಿಗಟ್ಟ) ನಿತ್ಯಹರಿದ್ವರ್ಣ ಕಾಡಿನ ಮರ. ಪುಟ್ಟ ಕುಂಬಳದಂತೆ ಏಣುಗಳುಳ್ಳ ಅದರ ಹಣ್ಣು ಮುಂಗಾರಿನಲ್ಲಿಯೇ ಮಾಗುವುದರಿಂದ ಬಿಸಿಲಿಗೆ ಒಣಗಿಸುವ ಮಾತಿಲ್ಲ. ಸಿಪ್ಪೆಯನ್ನು ಒಲೆಯ ಶಾಖದಲ್ಲಿ, ಹೊಗೆಯಲ್ಲಿ ಒಣಗಿಸಿ ಕಪ್ಪಾದ ಮೇಲೆ ಕೂಡಿಡುತ್ತಾರೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವುದೂ ಉಂಟು. ಕೊಡಗಿನ ಕಾಚಂಪುಳಿ, ಕೇರಳದ ಕುಡಂಪುಳಿಗಳು ಇದೇ ಬಳಗದವು.

ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ಯೂರೋಪಿನಲ್ಲಿ ದ್ರಾಕ್ಷಾರಸದ ಪೀಪಾಯಿಗಳ ಗಸಿಯಲ್ಲಿ ದೊರೆಯುತ್ತಿದ್ದುದೂ ಅದೇ ಆಮ್ಲ, ಅದೇ ಬಲರೂಪ. ಲೂಯಿ ಪಾಸ್ತರ್ 1848ರಲ್ಲಿ ಈ ಆಮ್ಲದ ಒಂದು ಲವಣದ ಹರಳುಗಳನ್ನು ಎಡ–ಬಲವಾಗಿ ಆರಿಸಿ ಬೇರ್ಪಡಿಸಿ, ಒಂದರ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೂ ಇನ್ನೊಂದರದು ಎಡಕ್ಕೂ ತಿರುಗಿಸುವುದನ್ನು ತೋರಿಸಿದ ಮೇಲೆ ಅಣುಗಳ ಎಡ–ಬಲದ ಶಾಸ್ತ್ರ ಆರಂಭವಾಯಿತು. ಟಾರ್ಟಾರಿಕ್ ಆಮ್ಲಕ್ಕೂ ಲೋಹಕ್ಕೂ ಇರುವ ನಂಟು ಮಾತ್ರ ಅದಕ್ಕಿಂತ ಬಹಳ ಹಿಂದಿನದು, ಮತ್ತು ಅಡುಗೆಮನೆಯದು. ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿದಾಗ ಕಪ್ಪು ಹೋಗಿ ಹೊಳಪು ಬರುವುದು ಆಮ್ಲವು ತಾಮ್ರದ ಅಯಾನುಗಳನ್ನು ಹಿಡಿದು ನೀರಿಗೆಳೆಯುವುದರಿಂದ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬೇಳುತ್ತದೆಂಬ ಎಚ್ಚರಿಕೆ ಇದೇ ಕ್ರಿಯೆಯ ಇನ್ನೊಂದು ಮುಖ. ಲಿಗ್ಯಾಂಡ್ ಎಂಬ ಪದ ಹುಟ್ಟುವ ಮೊದಲೇ ಅದರ ಕೆಲಸ ಮನೆಮನೆಗೆ ಗೊತ್ತಿತ್ತು.

ಜ್ಯೂರಿಕ್‌ನಲ್ಲಿ ಆಲ್ಫ್ರೆಡ್ ವೆರ್ನರ್ ಲೋಹಸಂಯುಕ್ತಗಳ ಜ್ಯಾಮಿತಿಯನ್ನು ರೂಪಿಸುತ್ತಿದ್ದ ಕಾಲದಲ್ಲಿ ಅವನ ವಾದಕ್ಕೆ ಬಲವಾದ ಪುರಾವೆ ಬೇಕಾಗಿತ್ತು. ಕೋಬಾಲ್ಟಿನ ಸುತ್ತ ಆರು ಬಂಧಗಳು ಅಷ್ಟಮುಖಿಯ ಮೂಲೆಗಳಲ್ಲಿದ್ದು, ಎರಡೆರಡು ಕೈಗಳಿಂದ ಹಿಡಿಯುವ ಮೂರು ಎಥಿಲೀನ್‌ಡೈಅಮೀನ್ ಅಣುಗಳು ಅವುಗಳನ್ನು ತುಂಬಿದರೆ, ಮೂರೆಲೆಯ ಪಂಕದಂಥ ಆಕೃತಿ ಏರ್ಪಡುತ್ತದೆ. ಪಂಕದ ಎಲೆಗಳು ಎಡಕ್ಕೆ ಓರೆಯಾಗಿರಬಹುದು, ಬಲಕ್ಕೂ ಆಗಿರಬಹುದು. ಅಂದರೆ ವೆರ್ನರನ ಜ್ಯಾಮಿತಿ ಸರಿಯಾಗಿದ್ದಲ್ಲಿ ಎರಡು ರೂಪಗಳು ದೊರೆಯಲೇಬೇಕು. ಅವನ ಅಮೆರಿಕನ್ ಶಿಷ್ಯ ವಿಕ್ಟರ್ ಕಿಂಗ್ 1911ರಲ್ಲಿ ಇಂಥ ಒಂದು ಕೋಬಾಲ್ಟ್ ಸಂಯುಕ್ತವನ್ನು ಕರ್ಪೂರದಿಂದ ಪಡೆದ ಕೈರಲ್ ಆಮ್ಲದ ನೆರವಿನಿಂದ ಬೇರ್ಪಡಿಸಿದ. ಮರುವರ್ಷ ಮೂರೆಲೆಯ ಪಂಕವನ್ನೇ ಬೇರ್ಪಡಿಸಿದಾಗ ಬಳಸಿದ್ದು ಟಾರ್ಟರೇಟನ್ನು. ಎಡಪಂಕ, ಬಲಪಂಕಗಳೆರಡೂ ಬೆರೆತ ದ್ರಾವಣಕ್ಕೆ ಅದನ್ನು ಸೇರಿಸಿದರೆ ಒಂದು ಜೋಡಿ ಬೇಗ ಹರಳುಗಟ್ಟಿ ತಳ ಸೇರುತ್ತದೆ, ಇನ್ನೊಂದು ದ್ರಾವಣದಲ್ಲಿ ಉಳಿಯುತ್ತದೆ. ವೆರ್ನರನಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ವೆರ್ನರನ ಪ್ರಯೋಗದಲ್ಲಿ ಟಾರ್ಟರೇಟು ಲೋಹವನ್ನು ಮುಟ್ಟಿರಲಿಲ್ಲ. ಹೊರಗೆ ನಿಂತು ಇದ್ದುದನ್ನು ಆರಿಸಿಕೊಟ್ಟಿತು. ಆರಿಸುವುದು ಬೇರೆ, ಹುಟ್ಟಿನಲ್ಲೇ ದಿಕ್ಕನ್ನು ವಿಧಿಸುವುದು ಬೇರೆ. ಎರಡನೆಯದಕ್ಕೆ ಲಿಗ್ಯಾಂಡೇ ಕೈರಲ್ ಆಗಿರಬೇಕು. ಆ ಮಾತಿಗೆ ಬರುವ ಮುನ್ನ ಮಲೆನಾಡಿನ ಹುಳಿಯ ಸಂಗತಿಯನ್ನು ನೋಡಬೇಕಾಗಿದೆ. ಏಕೆಂದರೆ ಎಡ–ಬಲವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಉಪ್ಪಾಗೆಯ ಹುಳಿ ಯಾವುದೆಂಬ ಪ್ರಶ್ನೆಗೆ 1960ರ ದಶಕದ ಆರಂಭದವರೆಗೂ ದೊರೆಯುತ್ತಿದ್ದ ಉತ್ತರ ಟಾರ್ಟಾರಿಕ್ ಆಮ್ಲ, ಇಲ್ಲವೆ ಸಿಟ್ರಿಕ್ ಆಮ್ಲ. ಹುಣಸೆಯ ಮತ್ತು ನಿಂಬೆಯ ಹುಳಿಗಳು ರಸಾಯನಜ್ಞರಿಗೆ ಚಿರಪರಿಚಿತವಾಗಿದ್ದುದರಿಂದ ಹೊಸ ಹಣ್ಣಿನಲ್ಲೂ ಅವನ್ನೇ ಕಂಡರು. ಇದನ್ನು ತಿದ್ದಿದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಈ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಣ್ಣಿನ ಮುಖ್ಯ ಆಮ್ಲ ಎರಡೂ ಅಲ್ಲ, ಎಡಕ್ಕೆ ಬೆಳಕು ತಿರುಗಿಸುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಸ್ಥಾಪಿಸಿದರು. ಒಣಸಿಪ್ಪೆಯ ತೂಕದಲ್ಲಿ ಶೇಕಡಾ 10ರಿಂದ 30ರವರೆಗೆ ಇರಬಹುದಾದ ಈ ವಸ್ತುವಿನ ಗುರುತು ಅಷ್ಟು ಕಾಲ ತಪ್ಪಿದ್ದಕ್ಕೆ ಕಾರಣ ಅದರ ಸ್ವಭಾವದಲ್ಲೇ ಇದೆ. ರಸವನ್ನು ಬತ್ತಿಸಿದಾಗ ಆಮ್ಲದ ಒಂದು ಭಾಗ ತನ್ನಷ್ಟಕ್ಕೆ ಉಂಗುರ ಕಟ್ಟಿ ಲ್ಯಾಕ್ಟೋನಾಗುತ್ತದೆ. ಒಂದೇ ಪದಾರ್ಥ ಹೀಗೆ ಎರಡು ವೇಷ ಧರಿಸಿ ಪರೀಕ್ಷಕನೆದುರು ನಿಲ್ಲುತ್ತದೆ.

ಹೆಸರಿನ ತಿದ್ದುಪಡಿಗಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಸಿಟ್ರಿಕ್ ಆಮ್ಲಕ್ಕೆ ಎಡ–ಬಲವೇ ಇಲ್ಲ. ಅದರ ಅಣು ತನ್ನ ಪ್ರತಿಬಿಂಬಕ್ಕೆ ಸರಿಹೊಂದುತ್ತದೆ. ಆ ಅಣುವಿಗೆ ಒಂದು ಆಮ್ಲಜನಕವನ್ನು ಹೈಡ್ರಾಕ್ಸಿಲ್ ರೂಪದಲ್ಲಿ ಸೇರಿಸಿದರೆ ಎರಡು ಕೈರಲ್ ಇಂಗಾಲಗಳು ಏರ್ಪಟ್ಟು ನಾಲ್ಕು ರೂಪಗಳಿಗೆ ಅವಕಾಶವಾಗುತ್ತದೆ. ಈ ನಾಲ್ಕರಲ್ಲಿ ಪ್ರಕೃತಿ ಉಪ್ಪಾಗೆಗೆ ಕೊಟ್ಟಿದ್ದು ಒಂದನ್ನು. ಕೆಂಪು ಪುಂಡಿಗೆ (ಹೈಬಿಸ್ಕಸ್ ಸಬ್ದಾರಿಫ್ಫ) ಕೊಟ್ಟಿದ್ದು ಇನ್ನೊಂದನ್ನು; ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಇಂಗಾಲದ ಸುತ್ತಣ ಜೋಡಣೆಯದು. ಉಪ್ಪಾಗೆಯ ಹುಳಿಯನ್ನು ಸಿಟ್ರಿಕ್ ಎಂದು ಕರೆದಾಗ ಕಳೆದುಹೋದದ್ದು ಇದೇ ಎಡ–ಬಲದ ಲೋಕ.

ಬೆಳಕು ಎಡಕ್ಕೆ ತಿರುಗಿತು ಎಂದರೆ ಅಣುವಿನ ಜೋಡಣೆಯೂ ಎಡವೆಂದು ಅರ್ಥವಲ್ಲ. ಶಂಖದ ತೊಡಕು ಇಲ್ಲಿಯೂ ಇದೆ. ಜೋಡಣೆಯ ನಿಜವಾದ ದಿಕ್ಕನ್ನು ಮೊದಲ ಬಾರಿಗೆ ಪತ್ತೆಮಾಡಿದ್ದು ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನಲ್ಲಿ ಬೈಫೂಟ್ ಮತ್ತು ಸಂಗಡಿಗರು, 1951ರಲ್ಲಿ. ಅವರೂ ಆರಿಸಿಕೊಂಡ ವಸ್ತು ಟಾರ್ಟರೇಟು. ಅದರ ಸೋಡಿಯಂ–ರುಬಿಡಿಯಂ ಲವಣದ ಮೇಲೆ ಎಕ್ಸ್–ಕಿರಣ ಹಾಯಿಸಿ, ಭಾರದ ರುಬಿಡಿಯಂ ಪರಮಾಣುವಿನಿಂದ ಉಂಟಾಗುವ ಅತಿಸೂಕ್ಷ್ಮ ವ್ಯತ್ಯಾಸವನ್ನು ಅಳೆದರು. ಜಪಾನಿನ ಸೈಟೊ ತಂಡ 1955ರಲ್ಲಿ ವೆರ್ನರನ ಕೋಬಾಲ್ಟ್ ಪಂಕದ ದಿಕ್ಕನ್ನು ಇದೇ ವಿಧಾನದಿಂದ ಕಂಡುಹಿಡಿಯಿತು. ಉಪ್ಪಾಗೆಯ ಸರದಿ ಬಂದದ್ದು ಅನಂತರ. ಫಿಲಡೆಲ್ಫಿಯದಲ್ಲಿ ಜೆನ್ನಿ ಗ್ಲಸ್ಕರ್ ಮತ್ತು ಸಂಗಡಿಗರು ಗಾರ್ಸೀನಿಯ ಆಮ್ಲದ, ಅಂದರೆ ಉಪ್ಪಾಗೆ ಆಮ್ಲದ ಲ್ಯಾಕ್ಟೋನಿನ, ಕ್ಯಾಲ್ಸಿಯಂ ಲವಣದ ಹರಳನ್ನು ಪರೀಕ್ಷಿಸಿ 1971ರಲ್ಲಿ ಅದರ ರಚನೆಯನ್ನೂ ನಿಜವಾದ ಜೋಡಣೆಯನ್ನೂ ಪ್ರಕಟಿಸಿದರು. ಲೋಹದ ಕೈ ಹಿಡಿದೇ ಮಲೆನಾಡಿನ ಹುಳಿಯ ಎಡ–ಬಲ ನಿಶ್ಚಯವಾಯಿತು. ಈ ಹರಳಿನಲ್ಲಿರುವುದು ಲೋಹಸುರುಳಿಯಲ್ಲವೆಂಬುದನ್ನೂ ಹೇಳಬೇಕು. ಕೈರಲ್ ಲಿಗ್ಯಾಂಡೊಂದು ಲೋಹವನ್ನು ಹಿಡಿದಿರುವ ಬಗೆಯನ್ನು ಅದು ತೋರಿಸಿತು, ಅಷ್ಟೆ.

ಕೈರಲ್ ಲಿಗ್ಯಾಂಡು ದಿಕ್ಕನ್ನು ವಿಧಿಸುವ ಬಗೆ ಹೇಗೆ? ವೆರ್ನರನ ಎಥಿಲೀನ್‌ಡೈಅಮೀನಿಗೆ ಒಂದು ಮೀಥೈಲ್ ಗುಂಪನ್ನು ಸೇರಿಸಿದರೆ ಪ್ರೊಪಿಲೀನ್‌ಡೈಅಮೀನ್ ಎಂಬ ಕೈರಲ್ ಅಣು ದೊರೆಯುತ್ತದೆ. ಅದು ಲೋಹವನ್ನು ಹಿಡಿದಾಗ ಉಂಟಾಗುವ ಐದು ಮೂಲೆಯ ಉಂಗುರ ಚಪ್ಪಟೆಯಾಗಿರದೆ ತುಸು ಮುರಿದುಕೊಳ್ಳುತ್ತದೆ. ಮೀಥೈಲಿಗೆ ಇಕ್ಕಟ್ಟು ಆಗದ, ಹೊರಚಾಚಿ ನಿಲ್ಲಬಲ್ಲ ಸ್ಥಾನ ಬೇಕು. ಆ ಸ್ಥಾನ ಸಿಗಬೇಕಾದರೆ ಉಂಗುರ ಒಂದು ಕಡೆಗೇ ಮುರಿಯಬೇಕು. ಮೂರು ಉಂಗುರಗಳು ಹೀಗೆ ಒಂದೇ ಕಡೆಗೆ ಮುರಿದಾಗ ಎಡಪಂಕದಲ್ಲಿ ಅವು ಒಂದಕ್ಕೊಂದು ಹೊಂದಿ ಕೂರುವ ರೀತಿಯೂ ಬಲಪಂಕದಲ್ಲಿ ಕೂರುವ ರೀತಿಯೂ ಸಮನಾಗಿರುವುದಿಲ್ಲ. ಕೋರಿ ಮತ್ತು ಬೈಲರ್ 1959ರಲ್ಲಿ ಈ ವ್ಯತ್ಯಾಸವನ್ನು ಲೆಕ್ಕಹಾಕಿ ತೋರಿಸಿದರು. ಪರಸ್ಪರ ಪ್ರತಿಬಿಂಬಗಳಾದ ಎರಡು ವಸ್ತುಗಳ ಶಕ್ತಿ ಎಂದಿಗೂ ಒಂದೇ. ಲಿಗ್ಯಾಂಡು ಕೈರಲ್ ಆದ ಕೂಡಲೆ ಎಡಪಂಕ ಬಲಪಂಕಗಳು ಪ್ರತಿಬಿಂಬಗಳಾಗಿ ಉಳಿಯುವುದಿಲ್ಲ. ಅವುಗಳ ಶಕ್ತಿ ಬೇರೆಬೇರೆಯಾಗುತ್ತದೆ. ಎಲ್ಲ ಗುಟ್ಟೂ ಇಲ್ಲಿದೆ. ಬೇಕಾಗುವ ವ್ಯತ್ಯಾಸವೂ ದೊಡ್ಡದಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮೋಲ್‌ಗೆ 5.7 ಕಿಲೊಜೌಲ್‌ನಷ್ಟು ಅಂತರವಿದ್ದರೆ ಸಮಸ್ಥಿತಿಯಲ್ಲಿ ಒಂದು ದಿಕ್ಕಿನದು ಹತ್ತು, ಇನ್ನೊಂದು ದಿಕ್ಕಿನದು ಒಂದು ಎಂಬ ಪ್ರಮಾಣ ಬರುತ್ತದೆ. ನೀರಿನ ಅಣುಗಳ ನಡುವಣ ಹೈಡ್ರೋಜನ್ ಬಂಧದ ಸುಮಾರು ಕಾಲುಭಾಗದಷ್ಟು ಶಕ್ತಿ ಅದು.

ಒಂದೇ ಲೋಹಕೇಂದ್ರದ ಪಂಕದಿಂದ ಉದ್ದನೆಯ ಸುರುಳಿಗೆ ದಾಟಿದ್ದು 1987ರಲ್ಲಿ. ಸ್ಟ್ರಾಸ್‌ಬರ್ಗ್‌ನ ಜಾನ್–ಮರಿ ಲೆನ್ ಮತ್ತು ಸಂಗಡಿಗರು ಬೈಪಿರಿಡಿನ್ ಘಟಕಗಳನ್ನು ಸರದಂತೆ ಪೋಣಿಸಿದ ಲಿಗ್ಯಾಂಡುಗಳಿಗೆ ತಾಮ್ರದ ಅಯಾನುಗಳನ್ನು ಸೇರಿಸಿದಾಗ ಎರಡೆರಡು ಎಳೆಗಳು ತಾಮ್ರದ ಸಾಲಿನ ಸುತ್ತ ತಾವಾಗಿಯೇ ಹೆಣೆದುಕೊಂಡವು. ಅವಕ್ಕೆ ಹೆಲಿಕೇಟ್ ಎಂಬ ಹೆಸರು ಬಂತು. ಆದರೆ ಎಳೆಗಳು ಕೈರಲ್ ಅಲ್ಲದ್ದರಿಂದ ಎಡಮುರಿ, ಬಲಮುರಿಗಳು ಸಮಪಾಲಿನಲ್ಲಿ ಹುಟ್ಟುತ್ತಿದ್ದವು. 1991ರಲ್ಲಿ ಅದೇ ತಂಡ ಎಳೆಯೊಳಗೆ ಕೈರಲ್ ಇಂಗಾಲಗಳನ್ನು ಸೇರಿಸಿ ಸುರುಳಿಯನ್ನು ಬಹುಮಟ್ಟಿಗೆ ಒಂದೇ ದಿಕ್ಕಿಗೆ ತಿರುಗಿಸಿತು. ಎಳೆಯ ಪಕ್ಕದ ಒಂದು ಪುಟ್ಟ ಗುಂಪಿನ ಎಡ–ಬಲ ಇಡೀ ಹೆಣಿಗೆಯ ದಿಕ್ಕಾಯಿತು. ಪ್ರಕೃತಿಗೆ ಇದು ಹೊಸದಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಕಬ್ಬಿಣವನ್ನು ಸೆಳೆಯಲು ಸ್ರವಿಸುವ ಎಂಟರೊಬ್ಯಾಕ್ಟಿನ್ ಎಂಬ ಅಣು ಎಲ್–ಸೆರೀನ್ ಅಮೈನೊ ಆಮ್ಲದಿಂದ ಕಟ್ಟಲ್ಪಟ್ಟಿದ್ದು ಕಬ್ಬಿಣದ ಸುತ್ತ ಬಲಪಂಕವನ್ನೇ ರಚಿಸುತ್ತದೆ. ಸೆರೀನಿನ ಪ್ರತಿಬಿಂಬದಿಂದ ಕೃತಕವಾಗಿ ಕಟ್ಟಿದರೆ ಎಡಪಂಕ ಬರುತ್ತದೆ. ಟಾರ್ಟಾರಿಕ್ ಆಮ್ಲವೂ ಹೊರಗಿನ ಆಯ್ಕೆಗಾರನಾಗಿಯೇ ಉಳಿಯಲಿಲ್ಲ. ಅದರ ಎಸ್ಟರನ್ನು ಟೈಟೇನಿಯಂಗೆ ಲಿಗ್ಯಾಂಡಾಗಿ ಕಟ್ಟಿ, ಬೇಕಾದ ದಿಕ್ಕಿನ ವಸ್ತುವನ್ನು ತಯಾರಿಸುವ ವಿಧಾನವನ್ನು ಕಟ್ಸುಕಿ ಮತ್ತು ಶಾರ್ಪ್ಲೆಸ್ 1980ರಲ್ಲಿ ಪ್ರಕಟಿಸಿದರು. 2001ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಶಾರ್ಪ್ಲೆಸ್‌ಗೆ ಪಾಲು ಬರಲು ಇಂಥ ಕೆಲಸವೇ ಕಾರಣ.

ಈಗ ಮೈಸೂರಿಗೆ ಮರಳಬಹುದು. ಸಿ. ವಿ. ರಾಮನ್ನರ ಬಳಿ ಸ್ಫಟಿಕ ಶಿಲೆಯ ಬೆಳಕು ತಿರುಗಿಸುವ ಗುಣವನ್ನು ಅಭ್ಯಸಿಸಿದ್ದ ಎಸ್. ಚಂದ್ರಶೇಖರ್ (1930–2004) 1961ರಿಂದ 1971ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಅಲ್ಲಿ ಕೈಗೆತ್ತಿಕೊಂಡ ವಸ್ತು ಕೊಲೆಸ್ಟರಿಕ್ ದ್ರವಸ್ಫಟಿಕ. ಇದರಲ್ಲಿ ಅಣುಗಳು ಪದರ ಪದರವಾಗಿ ತುಸುತುಸುವೇ ತಿರುಗುತ್ತ ಹೋಗಿ ಇಡೀ ದ್ರವವೇ ಒಂದು ಸುರುಳಿಯಾಗುತ್ತದೆ. ಸುರುಳಿಯ ದಿಕ್ಕಿನ ವೃತ್ತಧ್ರುವೀಕೃತ ಬೆಳಕನ್ನು ಅದು ಪ್ರತಿಫಲಿಸಿ, ವಿರುದ್ಧ ದಿಕ್ಕಿನದನ್ನು ಹಾಯಗೊಡುತ್ತದೆ. 1968ರಲ್ಲಿ ಚಂದ್ರಶೇಖರ್ ಮತ್ತು ಕೆ. ಎನ್. ಶ್ರೀನಿವಾಸರಾವ್ ಈ ವರ್ತನೆಯನ್ನು ಎಕ್ಸ್–ಕಿರಣಗಳ ಚದುರುವಿಕೆಯ ಸಿದ್ಧಾಂತದ ಮಾದರಿಯಲ್ಲಿ ವಿವರಿಸಿದರು. ಸುರುಳಿಯಿಲ್ಲದ ನೆಮ್ಯಾಟಿಕ್ ದ್ರವಸ್ಫಟಿಕಕ್ಕೆ ಚಿಟಿಕೆಯಷ್ಟು ಕೈರಲ್ ವಸ್ತುವನ್ನು ಬೆರೆಸಿದರೆ ಅದೂ ಸುರುಳಿಯಾಗಿ ತಿರುಗುತ್ತದೆಂಬುದು ಆ ವೇಳೆಗಾಗಲೇ ತಿಳಿದಿತ್ತು. ಲೋಹಸುರುಳಿಯಲ್ಲಿ ಕಾಣುವುದೂ ಇದೇ ನಿಯಮ: ಚಿಕ್ಕದು ದೊಡ್ಡದಕ್ಕೆ ದಿಕ್ಕು ಕೊಡುತ್ತದೆ.

ಹೀಗೆ ಒಂದೇ ದಶಕದಲ್ಲಿ, ಒಂದೇ ನಗರದಲ್ಲಿ, ಒಂದು ಕಡೆ ಎಡ–ಬಲವುಳ್ಳ ಪುಟ್ಟ ಅಣುವೊಂದರ ಗುರುತು ಸಿಕ್ಕಿತು. ಇನ್ನೊಂದು ಕಡೆ ಎಡ–ಬಲವುಳ್ಳ ಸುರುಳಿ ಬೆಳಕಿನೊಂದಿಗೆ ವರ್ತಿಸುವ ರೀತಿ ತಿಳಿಯಿತು. ಮೊದಲನೆಯದು ಸಸ್ಯರಸಾಯನದ ಪತ್ರಿಕೆಯಲ್ಲಿ, ಎರಡನೆಯದು ಸ್ಫಟಿಕಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು. ಆಹಾರ ಸಂಸ್ಥೆಯ ಚರಿತ್ರೆ ಬರೆದವರು ಸುರುಳಿಯ ಮಾತೆತ್ತುವುದಿಲ್ಲ, ಭೌತಶಾಸ್ತ್ರದ ಚರಿತ್ರೆ ಬರೆದವರು ಹುಳಿಯ ಮಾತೆತ್ತುವುದಿಲ್ಲ. ವಿಜ್ಞಾನದ ಚರಿತ್ರೆಯನ್ನು ಸಂಸ್ಥೆಗಳ ಚರಿತ್ರೆಯಾಗಿ ವಿಂಗಡಿಸುವ ರೂಢಿಯ ದೋಷವಿದು. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು, 1977ರಲ್ಲಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಪ್ರಕಟಿಸಿದರು. 1980ರ ದಶಕದಲ್ಲಿ ಅದೇ ಪ್ರಯೋಗಾಲಯ ತಾಮ್ರವನ್ನು ನಡುವಿಟ್ಟುಕೊಂಡ ದ್ರವಸ್ಫಟಿಕಗಳನ್ನೂ ತಯಾರಿಸಿತು. ಅವು ಕೈರಲ್ ಸುರುಳಿಗಳಾಗಿರಲಿಲ್ಲ. ಆದರೂ ಲೋಹಸಂಯುಕ್ತಗಳ ರಸಾಯನ ಮತ್ತು ದ್ರವಸ್ಫಟಿಕಗಳ ಭೌತಶಾಸ್ತ್ರ ಕರ್ನಾಟಕದಲ್ಲಿ ಒಂದೇ ಮೇಜಿಗೆ ಬಂದದ್ದು ಅಲ್ಲಿ.

ಉಪ್ಪಾಗೆಯ ಕಥೆ ಬೇರೆ ದಾರಿ ಹಿಡಿಯಿತು. ದೇಹದಲ್ಲಿ ಸಿಟ್ರೇಟನ್ನು ಒಡೆದು ಕೊಬ್ಬಿನ ತಯಾರಿಕೆಗೆ ಒದಗಿಸುವ ಕಿಣ್ವವೊಂದಿದೆ. ಅಮೆರಿಕದ ವಾಟ್ಸನ್, ಫಾಂಗ್, ಲೋವೆನ್‌ಸ್ಟೈನ್ ಅವರು 1969ರಲ್ಲಿ ಹೈಡ್ರಾಕ್ಸಿಸಿಟ್ರೇಟು ಈ ಕಿಣ್ವವನ್ನು ತಡೆಯುತ್ತದೆಂದು ವರದಿಮಾಡಿದರು. ನಾಲ್ಕು ರೂಪಗಳನ್ನು ಹೋಲಿಸಿದಾಗ ಪ್ರಬಲವಾಗಿ ತಡೆದದ್ದು ಉಪ್ಪಾಗೆಯ ರೂಪವೊಂದೇ. ಕಿಣ್ವವೂ ಕೈರಲ್, ಬಲಗೈಯ ಚೀಲಕ್ಕೆ ಬಲಗೈಯೇ ಹೊಂದುತ್ತದೆ. ಲೂಯಿಸ್, ನೀಲಕಂಠನ್ ಅವರ ತಿದ್ದುಪಡಿ ಆಗದೆ ಇದ್ದಿದ್ದರೆ ಈ ಹೋಲಿಕೆಗೆ ಆಸ್ಪದವೇ ಇರುತ್ತಿರಲಿಲ್ಲ.

ಪ್ರಯೋಗಾಲಯದ ಈ ಫಲಿತಾಂಶ 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮಾತ್ರೆಗಳ ಮಾರುಕಟ್ಟೆಗೆ ಹೋಯಿತು. ಪಶ್ಚಿಮಘಟ್ಟದ ಉಪ್ಪಾಗೆಗೆ ಒಮ್ಮೆಲೆ ವಿದೇಶದ ಬೇಡಿಕೆ ಬಂತು. ಯಾರೂ ಕಾಯದ ಕಾಡಿನಲ್ಲಿ ಇನ್ನೊಬ್ಬರು ಕೊಯ್ಯುವ ಮೊದಲೇ ಕೊಯ್ಯಬೇಕೆಂಬ ಪೈಪೋಟಿ ಹುಟ್ಟಿ, ಕಾಯಿ ಬಲಿಯುವ ಮುನ್ನವೇ ಮರ ಬರಿದಾಗತೊಡಗಿತು. ಉತ್ತರ ಕನ್ನಡದ ಶಿರಸಿ ಭಾಗವನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ದಾಖಲಿಸಿದೆ. ಮಳೆಗಾಲದ ಹಣ್ಣನ್ನು ಒಣಗಿಸಲು ಬೇಕಾಗುವ ಸೌದೆಯೂ ಅದೇ ಕಾಡಿನದು. ಇತ್ತ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರಗಳ ಕಾಲ, ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲದೊಂದಿಗೆ ನಡೆದ ಪರೀಕ್ಷೆಯ ಫಲಿತಾಂಶ 1998ರಲ್ಲಿ ಹೊರಬಂತು. ಹುಸಿಮಾತ್ರೆ ನುಂಗಿದವರಿಗೂ ಇವರಿಗೂ ತೂಕದ ಇಳಿತದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಗಾರ್ಸೀನಿಯ ಬೆರೆಸಿದ ಮಾತ್ರೆಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಅನಂತರದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಒಂಟಿ ಕಿಣ್ವದೆದುರು ನಿಖರವಾಗಿ ಕೆಲಸ ಮಾಡಿದ ಎಡ–ಬಲ ಇಡೀ ದೇಹದೆದುರು ಅದೇ ಮಾತು ಹೇಳಲಿಲ್ಲ. ಮಾತ್ರೆಗಳ ಮಾರಾಟ ಮುಂದುವರಿಯಿತು. ಕಳಸದ ಕಡೆಯ ಮನೆಗಳಲ್ಲಿ ಉಪ್ಪಾಗೆ ಸಿಪ್ಪೆ ಹಿಂದಿನಂತೆ ಸಾರಿಗೆ ಬೀಳುತ್ತಿದೆ.